ಸಾವಯವ ಎಂಬ ಚೀಟಿ ಇದ್ದರೆ ಸಾಕೇ? ಶ್ರಾವಕರು ಕೊಳ್ಳುವ ಮುನ್ನ ಗಮನಿಸಬೇಕಾದದ್ದು

ಬೆಂಗಳೂರು, ಮೈಸೂರು, ಹುಬ್ಬಳ್ಳಿ ಎಲ್ಲೇ ಆಗಲಿ, ಸಾವಯವ ಅಂಗಡಿಯೊಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಜೇನುತುಪ್ಪದ ಬಾಟಲಿಗಳ ಸಾಲು. ಅದರ ಪಕ್ಕದಲ್ಲಿ ಜೇನುಮೇಣ ಹಾಕಿದ ತುಟಿಯ ಮುಲಾಮು, ಅರಗಿನ ಬಣ್ಣದ ಚನ್ನಪಟ್ಟಣದ ಗೊಂಬೆ, ಜೇನು ಬೆರೆಸಿದ ಚ್ಯವನಪ್ರಾಶ. ಎಲ್ಲದರ ಮೇಲೂ 'ನೈಸರ್ಗಿಕ' ಎಂದು ಬರೆದಿರುತ್ತದೆ. ಬರೆದದ್ದು ಸುಳ್ಳೇನೂ ಅಲ್ಲ. ಆದರೆ ಮದ್ಯ, ಮಾಂಸ, ಮಧು ಈ ಮೂರರ ತ್ಯಾಗ ಶ್ರಾವಕನ ಮೂಲಗುಣಗಳಲ್ಲೇ ಸೇರಿದೆ. ಅರಗಿನ ವ್ಯಾಪಾರವನ್ನು ನಮ್ಮ ಶ್ರಾವಕಾಚಾರ ಗ್ರಂಥಗಳು ಬಿಡಬೇಕಾದ ಹದಿನೈದು ವ್ಯಾಪಾರಗಳಲ್ಲಿ ಒಂದೆಂದು ಎಣಿಸಿವೆ. ಹಾಗಾದರೆ ನೈಸರ್ಗಿಕವಾದದ್ದೆಲ್ಲ ಜೈನರ ಮನೆಗೆ ಸಲ್ಲುತ್ತದೆಯೇ ಎಂಬ ಪ್ರಶ್ನೆ ಬಾಗಿಲಲ್ಲೇ ಎದುರಾಗುತ್ತದೆ.

ಅದೇ ಹದಿನೈದರಲ್ಲಿ ವಿಷವಾಣಿಜ್ಯವೂ ಇದೆ. ರಾಸಾಯನಿಕ ಕೀಟನಾಶಕದ ವಿಚಾರದಲ್ಲಿ ನಮ್ಮ ಹಿರಿಯರಿಗೆ ಎಂಥ ಮುಂದಾಲೋಚನೆ ಇತ್ತು ಎಂಬುದಕ್ಕೆ ಇದೊಂದೇ ಮಾತು ಸಾಕು. ದಕ್ಷಿಣ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ ಸುತ್ತಿನ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗಡಿಯಾಚೆ ಕಾಸರಗೋಡಿನಲ್ಲೂ ಅದೇ ಕಥೆ. ಗೇರು ಹಣ್ಣಿನ ಸೊಳ್ಳೆ ಸಾಯಲೆಂದು ಹಾಕಿದ ವಿಷ ಬಾವಿ, ತೋಡು, ಹುಲ್ಲು ಎಲ್ಲಕ್ಕೂ ಬಿತ್ತು. ಅಂಗವಿಕಲರಾಗಿ ಹುಟ್ಟಿದ ಮಕ್ಕಳು, ಹಾಸಿಗೆಯಿಂದ ಏಳಲಾರದ ಯುವಕರು ಇಂದಿಗೂ ಆ ಊರುಗಳಲ್ಲಿದ್ದಾರೆ. ಸರ್ಕಾರ ಅವರಿಗೆ ಮಾಸಾಶನ ಕೊಡುತ್ತಿದೆ. ಸರ್ವೋಚ್ಚ ನ್ಯಾಯಾಲಯ ಈ ಕೀಟನಾಶಕವನ್ನು ದೇಶದಾದ್ಯಂತ ತಡೆಹಿಡಿದದ್ದು 2011ರ ಮೇ ತಿಂಗಳಲ್ಲಿ. ಆದ್ದರಿಂದ ವಿಷವಿಲ್ಲದೆ ಬೆಳೆದ ಆಹಾರವನ್ನು ಹುಡುಕುವುದು ಹೊಸ ಕಾಲದ ಶೋಕಿ ಎಂದು ಯಾರೂ ತಳ್ಳಿಹಾಕುವಂತಿಲ್ಲ. ಅದು ಧರ್ಮಕ್ಕೆ ಹತ್ತಿರದ ಕೆಲಸವೇ. ಆದರೆ ಹುಡುಕುವಾಗ ಯಾವ ಚಿಹ್ನೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ಗೊತ್ತಿರಬೇಕು.

ಪೊಟ್ಟಣದ ಮೇಲೆ 'ಜೈವಿಕ್ ಭಾರತ್' ಎಂಬ ಚಿಹ್ನೆ ಇದ್ದರೆ ಅದು ಸರ್ಕಾರದ ನಿಯಮದಂತೆ ಪ್ರಮಾಣಪತ್ರ ಪಡೆದ ಸಾವಯವ ಪದಾರ್ಥ. ಆಹಾರ ಸುರಕ್ಷತಾ ಪ್ರಾಧಿಕಾರ ಇದಕ್ಕಾಗಿ 2017ರಲ್ಲಿ ನಿಯಮ ಮಾಡಿತು. ಪ್ರಮಾಣಪತ್ರಕ್ಕೆ ಎರಡು ದಾರಿಗಳಿವೆ. ಒಂದು, ಮೂರನೆಯ ಸಂಸ್ಥೆಯೊಂದು ಬಂದು ತಪಾಸಣೆ ಮಾಡುವ ರಾಷ್ಟ್ರೀಯ ಕಾರ್ಯಕ್ರಮ. ಇನ್ನೊಂದು, ಊರಿನ ರೈತರ ಗುಂಪೇ ಒಬ್ಬರ ಹೊಲವನ್ನೊಬ್ಬರು ನೋಡಿ ದೃಢಪಡಿಸುವ ಪಿ.ಜಿ.ಎಸ್. ಪದ್ಧತಿ. ರಾಸಾಯನಿಕ ಬಿಟ್ಟ ಮರುದಿನವೇ ಹೊಲ ಸಾವಯವ ಆಗುವುದಿಲ್ಲ. ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಭತ್ತ, ರಾಗಿಯಂಥ ಬೆಳೆಗೆ ಕನಿಷ್ಠ ಎರಡು ವರ್ಷ, ತೆಂಗು, ಮಾವಿನಂಥ ಬಹುವಾರ್ಷಿಕ ಬೆಳೆಗೆ ಮೂರು ವರ್ಷ ಕಾಯಬೇಕು. ಸಣ್ಣ ರೈತ ತನ್ನ ಬೆಳೆಯನ್ನು ನೇರವಾಗಿ ಗ್ರಾಹಕನ ಕೈಗೆ ಮಾರಿದರೆ ಪ್ರಮಾಣಪತ್ರ ಕಡ್ಡಾಯವಲ್ಲ, ಆದರೆ ಅವನು ಚಿಹ್ನೆ ಹಾಕುವಂತಿಲ್ಲ. ಹೀಗಾಗಿ ಸಂತೆಯಲ್ಲಿ ಚೀಟಿ ಇಲ್ಲದೆ ಕೂತ ರೈತ ಸುಳ್ಳುಗಾರ ಎಂದೇನೂ ಅಲ್ಲ. 'ನೈಸರ್ಗಿಕ', 'ಶುದ್ಧ', 'ಹಳ್ಳಿಯದು' ಎಂಬ ಬರೀ ಮಾತುಗಳ ಹಿಂದೆ ಇಂಥ ತಪಾಸಣೆ ಯಾವುದೂ ಇಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು.

ಈಗ ಈ ಚಿಹ್ನೆ ಹೇಳದೆ ಬಿಡುವ ಸಂಗತಿ. ಸಾವಯವ ನಿಯಮಗಳು ರಾಸಾಯನಿಕವನ್ನು ದೂರವಿಡುತ್ತವೆ, ಪ್ರಾಣಿಜನ್ಯ ವಸ್ತುವನ್ನಲ್ಲ. ಮೂಳೆಪುಡಿ, ರಕ್ತದ ಪುಡಿ, ಮೀನಿನ ಗೊಬ್ಬರಗಳನ್ನು ಕೆಲವು ಷರತ್ತಿನ ಮೇಲೆ ಬಳಸಲು ಅವಕಾಶವಿದೆ. ನೈಸರ್ಗಿಕ ಕೃಷಿ ಮಾಡುವ ಕೆಲವರು ಮೀನನ್ನು ಬೆಲ್ಲದಲ್ಲಿ ಕೊಳೆಸಿದ ದ್ರಾವಣ, ಮೊಟ್ಟೆಯನ್ನು ನಿಂಬೆರಸದಲ್ಲಿ ನೆನೆಸಿದ ದ್ರಾವಣವನ್ನು ಸಿಂಪಡಿಸುತ್ತಾರೆ. ಅದೇ ಫಲವನ್ನು ಬೇವಿನ ಹಿಂಡಿ, ಹೊಂಗೆ ಹಿಂಡಿ, ಸೆಣಬು ಬಿತ್ತಿ ಉಳುವ ಹಸಿರೆಲೆ ಗೊಬ್ಬರ, ಜೀವಾಮೃತಗಳಿಂದ ಪಡೆಯುವ ರೈತರೂ ಬೇಕಾದಷ್ಟಿದ್ದಾರೆ. ಎಕರೆಯೊಂದರ ಜೀವಾಮೃತಕ್ಕೆ 200 ಲೀಟರ್ ನೀರು, 10 ಕೆ.ಜಿ. ಸಗಣಿ, 5ರಿಂದ 10 ಲೀಟರ್ ಗಂಜಲ, ಎರಡೆರಡು ಕೆ.ಜಿ. ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು, ಇಷ್ಟೇ ಸಾಮಾನು. ಆದ್ದರಿಂದ ರೈತನನ್ನು ಕೇಳಬೇಕಾದದ್ದು "ಇದು ಸಾವಯವವೇ?" ಎಂದಲ್ಲ, "ಏನು ಗೊಬ್ಬರ ಹಾಕಿದಿರಿ?" ಎಂದು. ಪ್ರಾಮಾಣಿಕ ರೈತ ಖುಷಿಯಿಂದಲೇ ಹೇಳುತ್ತಾನೆ.

ಇಲ್ಲಿ ಅತಿಗೂ ಹೋಗಬಾರದು. ಕೃಷಿ ಎಂದ ಮೇಲೆ ನೇಗಿಲಿನ ಬಾಯಿಗೆ ಜೀವಿಗಳು ಸಿಕ್ಕೇ ಸಿಗುತ್ತವೆ. ಭಗವಾನ್ ಆದಿನಾಥರು ಕಲಿಸಿದ ಆರು ವೃತ್ತಿಗಳಲ್ಲಿ ಕೃಷಿಯೂ ಒಂದು. ಬೆಳಗಾವಿ, ಚಿಕ್ಕೋಡಿ, ಅಥಣಿ ಕಡೆಯ ಜೈನರಲ್ಲಿ ಬಹುಪಾಲು ರೈತರೇ. ಗೃಹಸ್ಥ ಪೂರ್ತಿ ಬಿಡಬೇಕಾದದ್ದು ಸಂಕಲ್ಪೀ ಹಿಂಸೆ. ಉದ್ಯೋಗದಲ್ಲಿ, ಅಡುಗೆಯಲ್ಲಿ ಆಗುವುದನ್ನು ಆದಷ್ಟು ಕಡಿಮೆ ಮಾಡಬೇಕು. ವಿಷ ಹಾಕದ ಮಣ್ಣಿನಲ್ಲಿ ಎರೆಹುಳು, ಜೇನ್ನೊಣ, ಬಾವಿಯ ಜಲಚರ ಉಳಿಯುತ್ತವೆ ಎಂಬುದೇ ಸಾವಯವದ ದೊಡ್ಡ ಲಾಭ.

ಪೊಟ್ಟಣದ ಮೇಲಿನ ಹಸಿರು ಚುಕ್ಕೆಯ ವಿಚಾರದಲ್ಲೂ ನಮ್ಮವರು ಸ್ವಲ್ಪ ಮೈಮರೆತಿದ್ದಾರೆ. ಸರ್ಕಾರಿ ವ್ಯಾಖ್ಯಾನದ ಪ್ರಕಾರ ಮಾಂಸಾಹಾರದ ಗುರುತಿನಿಂದ ಹಾಲು, ಹಾಲಿನ ಪದಾರ್ಥದ ಜೊತೆಗೆ ಜೇನು, ಜೇನುಮೇಣ, ಅರಗಿಗೂ ವಿನಾಯಿತಿ ಇದೆ. ಅಂದರೆ ಇವು ಸೇರಿದ ತಿನಿಸಿಗೂ ಹಸಿರು ಚುಕ್ಕೆಯೇ ಬೀಳುತ್ತದೆ. ಮಿಠಾಯಿ, ಚಾಕೊಲೇಟ್ ಗೋಲಿ, ಹೊಳಪು ಕೊಟ್ಟ ಹಣ್ಣುಗಳಲ್ಲಿ ಇವನ್ನು ಹಚ್ಚುವುದುಂಟು. ಸಣ್ಣ ಅಕ್ಷರದಲ್ಲಿ 901 ಎಂದಿದ್ದರೆ ಜೇನುಮೇಣ, 904 ಎಂದಿದ್ದರೆ ಅರಗು. 120 ಎಂದಿದ್ದರೆ ಕೀಟವನ್ನು ಒಣಗಿಸಿ ತೆಗೆದ ಕೆಂಪು ಬಣ್ಣ. ಇದು ವಿದೇಶದಿಂದ ಬಂದ ತಿನಿಸುಗಳಲ್ಲಿ ಹೆಚ್ಚು. ಲಿಪ್‌ಸ್ಟಿಕ್‌ಗಳಲ್ಲಿ ಇದೇ ಬಣ್ಣ ಸಿ.ಐ. 75470 ಎಂಬ ಹೆಸರಿನಲ್ಲಿರುತ್ತದೆ, 'ನೈಸರ್ಗಿಕ ಬಣ್ಣ' ಎಂಬ ಹೆಮ್ಮೆಯ ಜೊತೆಗೆ. ಸಾಬೂನಿನಲ್ಲಿ ಸೋಡಿಯಂ ಟ್ಯಾಲೋವೇಟ್ ಎಂದರೆ ಪ್ರಾಣಿಯ ಕೊಬ್ಬು. ಪಾಮೇಟ್, ಕೋಕೋವೇಟ್ ಎಂದರೆ ತಾಳೆ ಮತ್ತು ತೆಂಗಿನ ಎಣ್ಣೆ. ಸೀಗೆಕಾಯಿ, ಅಂಟುವಾಳ, ಕಡಲೆಹಿಟ್ಟಿಗೆ ಈ ತಲೆನೋವೇ ಇಲ್ಲ.

2022ರಿಂದ ವೀಗನ್ ಆಹಾರಕ್ಕೆ ಬೇರೆ ಚಿಹ್ನೆ ಬಂದಿದೆ. ಅದರಲ್ಲಿ ಜೇನು, ಅರಗು ಇರುವುದಿಲ್ಲ, ಅಷ್ಟು ಒಳ್ಳೆಯದೇ. ಆದರೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಧಾರಾಳವಾಗಿರಬಹುದು. ಒಟ್ಟಿನಲ್ಲಿ ಜೈನ ಅಡುಗೆಮನೆಯ ಲೆಕ್ಕಕ್ಕೆ ಪೂರ್ತಿ ಹೊಂದುವ ಸರ್ಕಾರಿ ಚಿಹ್ನೆ ಯಾವುದೂ ಇಲ್ಲ. ಓದಿಯೇ ಕೊಳ್ಳಬೇಕು.

ಇನ್ನು ಮನೆಗೆ ತಂದ ಮೇಲಿನ ಮಾತು. ಸಾವಯವ ಬೇಳೆಕಾಳಿನ ಬಗ್ಗೆ ಶ್ರಾವಿಕೆಯರ ದೊಡ್ಡ ದೂರು ಒಂದೇ: ಬೇಗ ಹುಳು ಹಿಡಿಯುತ್ತದೆ. "ವಿಷ ಬೇಡವೆಂದು ದುಬಾರಿ ಕೊಟ್ಟು ತಂದೆವು, ತಿಂಗಳಲ್ಲಿ ಡಬ್ಬಿಯ ತುಂಬ ಜೀವ. ಇದಕ್ಕಿಂತ ಹಳೆಯ ಅಂಗಡಿಯ ಬೇಳೆಯೇ ವಾಸಿಯಲ್ಲವೇ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಹಳೆಯ ಅಂಗಡಿಯ ಬೇಳೆಯಲ್ಲಿ ಹುಳು ಏಕಿಲ್ಲ ಎಂಬುದನ್ನು ದಿನಸಿ ವ್ಯಾಪಾರದಲ್ಲಿ ಇದ್ದವರೆಲ್ಲ ಬಲ್ಲರು. ಗೋದಾಮಿನಲ್ಲಿ ಚೀಲಗಳ ಮೇಲೆ ಟಾರ್ಪಾಲು ಮುಚ್ಚಿ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಇಡುತ್ತಾರೆ. ಅದರಿಂದ ಹೊರಡುವ ಅನಿಲಕ್ಕೆ ಒಳಗಿನ ಹುಳು, ಮರಿ, ಮೊಟ್ಟೆ ಎಲ್ಲ ಸಾಯುತ್ತವೆ. ನಮ್ಮ ಕಣ್ಣಿಗೆ ಬೀಳದ ಕಡೆ ಆಯಿತು, ಅಷ್ಟೇ ವ್ಯತ್ಯಾಸ. ಹುಳು ಕಾಣದ ಬೇಳೆ ಎಂದರೆ ಹಿಂಸೆ ಇಲ್ಲದ ಬೇಳೆ ಎಂದು ತಿಳಿಯುವಂತಿಲ್ಲ.

ಹಾಗೆಂದು ಡಬ್ಬಿಯಲ್ಲಿ ಹುಳು ಬೆಳೆಯಲು ಬಿಡುವುದೂ ಸರಿಯಲ್ಲ. ಒಮ್ಮೆ ಹುಟ್ಟಿದ ಮೇಲೆ ಬಿಸಿಲಿಗೆ ಹಾಕಿದರೂ ಸಾವು, ಬಿಗಿ ಮುಚ್ಚಳದೊಳಗೆ ಇಟ್ಟರೂ ಗಾಳಿಯಿಲ್ಲದೆ ಸಾವು. ಹುಟ್ಟದಂತೆ ನೋಡಿಕೊಳ್ಳುವುದೊಂದೇ ದಾರಿ. ಅವರೆ, ಅಲಸಂದೆ, ಹೆಸರಿಗೆ ಹೊಲದಲ್ಲೇ, ಕಾಯಿ ಬಲಿಯುವಾಗಲೇ ಕೀಟ ಮೊಟ್ಟೆ ಇಟ್ಟಿರಬಹುದು. ಆದ್ದರಿಂದ ಇಂಥ ಕಾಳನ್ನು ಹೆಚ್ಚು ಕೂಡಿಡದೆ ಹದಿನೈದು ದಿನಕ್ಕೋ ತಿಂಗಳಿಗೋ ಆಗುವಷ್ಟೇ ತರಬೇಕು. ತಂದ ಕೂಡಲೇ ಹಸನು ಮಾಡಿ, ತೂತು ಬಿದ್ದ ಕಾಳನ್ನು ಬೇರೆ ತೆಗೆದು ನೆರಳಿನಲ್ಲಿ ಬಿಟ್ಟು, ಆಮೇಲೆ ಮಾತ್ರ ಉಳಿದದ್ದನ್ನು ಒಣಗಿಸಬೇಕು. ಈ ಕ್ರಮ ಮುಖ್ಯ. ಅನೇಕ ಮನೆಗಳಲ್ಲಿ ಮೊದಲು ಬಿಸಿಲು, ಆಮೇಲೆ ಶೋಧನೆ ನಡೆಯುತ್ತಿದೆ. ಹಲ್ಲಿಗಿಟ್ಟು ಕಡಿದರೆ ಕಟ್ಟೆಂದು ಮುರಿಯುವಷ್ಟು ಒಣಗಿರಬೇಕು, ಮೆತ್ತಗೆ ಒತ್ತಿದರೆ ತೇವ ಇದೆ ಎಂದರ್ಥ. ತೊಗರಿಬೇಳೆಗೆ ಕೆ.ಜಿ.ಗೆ ಒಂದು ಚಮಚದಂತೆ ಹರಳೆಣ್ಣೆ ಸವರುವುದು, ಧಾನ್ಯದಲ್ಲಿ ಒಣಗಿದ ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಹಾಕುವುದು, ಇಡೀ ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸುವುದು ನಮ್ಮ ಹಳ್ಳಿಗಳಲ್ಲಿ ಇದ್ದ ಪದ್ಧತಿಗಳು. ಹುಳು ಬಂದು ಕೂರದಂತೆ, ಮೊಟ್ಟೆ ಇಡದಂತೆ ತಡೆಯುವುದೇ ಇವೆಲ್ಲದರ ಉದ್ದೇಶ.

ಹಿಟ್ಟಿಗಂತೂ ನಮ್ಮಲ್ಲಿ ಮರ್ಯಾದೆಯ ಲೆಕ್ಕವೇ ಇದೆ. ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ. ಮುನಿಗಳಿಗೆ ಆಹಾರದಾನ ಮಾಡುವ ಮನೆಗಳಲ್ಲಿ ಇದನ್ನು ಇಂದಿಗೂ ಪಾಲಿಸುತ್ತಾರೆ. ಉಳಿದವರು ಇದನ್ನು ಹಳೆಯ ಮಡಿಯೆಂದು ಬಿಟ್ಟಿದ್ದಾರೆ. ಸಾವಯವ ಗೋಧಿ, ರಾಗಿ, ಜೋಳವನ್ನು ತಂದು ಬೀಸಿಸಿದವರಿಗೆ ಈ ಲೆಕ್ಕ ಎಷ್ಟು ಖಚಿತವೆಂದು ಮಳೆಗಾಲದ ಮೊದಲ ವಾರದಲ್ಲೇ ತಿಳಿಯುತ್ತದೆ. ಐದು ಕೆ.ಜಿ. 'ಆರ್ಗಾನಿಕ್' ಹಿಟ್ಟಿನ ಪೊಟ್ಟಣ ತಂದು ಎರಡು ತಿಂಗಳು ಇಡುವುದಕ್ಕಿಂತ, ಇಡೀ ಧಾನ್ಯ ಇಟ್ಟುಕೊಂಡು ಬೇಕಾದಷ್ಟೇ ಬೀಸಿಸಿಕೊಳ್ಳುವುದು ಎಲ್ಲ ರೀತಿಯಲ್ಲೂ ಮೇಲು.

ಬೆಲ್ಲ ಕೊಳ್ಳುವಾಗ ಬಣ್ಣ ನೋಡಿ ಮೋಸಹೋಗುವವರು ಹೆಚ್ಚು. ಹೊಳೆಯುವ ಹಳದಿ ಬೆಲ್ಲಕ್ಕೆ ಆಲೆಮನೆಯಲ್ಲಿ ಹೈಡ್ರೋಸ್ ಎಂದು ಕರೆಯುವ ರಾಸಾಯನಿಕ ಬಿದ್ದಿರುವ ಸಾಧ್ಯತೆ ದೊಡ್ಡದು. ಬೆಂಡೆಗಿಡದ ಲೋಳೆಯಿಂದ ಕೊಳೆ ತೆಗೆದ ಬೆಲ್ಲ ಕಂದು ಬಣ್ಣದ್ದು, ಮಳೆಗಾಲದಲ್ಲಿ ಬೇಗ ನೀರೊಡೆಯುತ್ತದೆ. ಕಪ್ಪಾದದ್ದೆಲ್ಲ ಒಳ್ಳೆಯದು ಎಂದೂ ಅಲ್ಲ, ಹಳೆಯ ಬೆಲ್ಲವೂ ಕಪ್ಪಗಿರುತ್ತದೆ. ಗಾಣದ ಎಣ್ಣೆಗೆ ಒಂದು ಸರಳ ಲೆಕ್ಕವಿದೆ. ಒಂದು ಲೀಟರ್ ಕಡಲೆಕಾಯಿ ಎಣ್ಣೆಗೆ ಎರಡೂವರೆ ಕೆ.ಜಿ.ಯಷ್ಟು ಕಡಲೆಬೀಜ ಬೇಕು. ಬೀಜದ ಬೆಲೆಗಿಂತ ಕಡಿಮೆಗೆ ಎಣ್ಣೆ ಸಿಗುತ್ತಿದ್ದರೆ ಮಿಕ್ಕದ್ದನ್ನು ಯಾರಾದರೂ ಊಹಿಸಬಹುದು.

ಬಸದಿಗೆ ಕೊಡುವ ದ್ರವ್ಯದ ವಿಷಯದಲ್ಲಿ ಮಾತ್ರ ಅಗ್ಗದ್ದನ್ನೇ ಹುಡುಕುವುದು ನಮ್ಮವರ ವಿಚಿತ್ರ ಅಭ್ಯಾಸ. ಮನೆಗೆ ಸಾವಯವ ಅರಿಸಿನ, ಅಭಿಷೇಕಕ್ಕೆ ಬಿಡಿ ಪುಡಿ. ಬಿಡಿ ಅರಿಸಿನಪುಡಿಗೆ ಬಣ್ಣ ಬರಲೆಂದು ಸೀಸದ ಕ್ರೋಮೇಟ್ ಬೆರೆಸುವ ಕಲಬೆರಕೆ ದೇಶದಲ್ಲಿ ಹಲವು ಸಲ ಪತ್ತೆಯಾಗಿದೆ. ಸೀಸ ಮಕ್ಕಳ ಮಿದುಳಿಗೆ ಕೆಡುಕು. ಅಭಿಷೇಕವಾದ ಗಂಧೋದಕವನ್ನು ತಲೆಗೂ ಕಣ್ಣಿಗೂ ಹಚ್ಚಿಕೊಳ್ಳುತ್ತೇವೆ, ಕೂಸುಗಳಿಗೂ ಹಚ್ಚುತ್ತೇವೆ. ಅರಿಸಿನದ ಕೊಂಬು ಕೊಂಡು ಬೀಸಿಸಿ ಕೊಟ್ಟರೆ ಈ ಭಯವಿಲ್ಲ. ಕುಂಕುಮವೂ ಅರಿಸಿನಕ್ಕೆ ಬಿಳಿಗಾರ, ನಿಂಬೆರಸ ಸೇರಿಸಿ ಮಾಡಿದ್ದಾಗಬೇಕು. ಥಳಥಳಿಸುವ ಕಡುಕೆಂಪು ಪುಡಿ ಬಹಳಷ್ಟು ಸಲ ಬರೀ ಬಣ್ಣ. ಬೆಳ್ಳಿಯ ರೇಕನ್ನು ಹಿಂದೆ ದನದ ಕರುಳಿನ ಹಾಳೆಗಳ ನಡುವೆ ಬಡಿದು ಮಾಡುತ್ತಿದ್ದರು. 2016ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಯಾವ ಹಂತದಲ್ಲೂ ಪ್ರಾಣಿಜನ್ಯ ವಸ್ತು ಬಳಸಬಾರದೆಂದು ನಿಯಮ ಮಾಡಿದೆ. ಆದರೂ ಯಂತ್ರದಲ್ಲಿ ತಯಾರಾದದ್ದೇ ಎಂದು ಕೇಳಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಬೆಲೆ ಹೆಚ್ಚು ಎಂಬುದು ನಿಜ, ಎಲ್ಲವನ್ನೂ ಒಮ್ಮೆಲೇ ಬದಲಿಸಲು ಸಾಮಾನ್ಯ ಸಂಸಾರಕ್ಕೆ ಆಗದು. ಸಿಪ್ಪೆ ಸುಲಿಯದೆ ತಿನ್ನುವ ಸೊಪ್ಪು, ದ್ರಾಕ್ಷಿ, ಮೆಣಸಿನಕಾಯಿ, ದಿನಾ ಬೇಯಿಸುವ ಅಕ್ಕಿ, ಬೇಳೆಯಿಂದ ಆರಂಭಿಸಬಹುದು. ತೆಂಗಿನಕಾಯಿ, ಬಾಳೆಹಣ್ಣಿಗೆ ಅವಸರವಿಲ್ಲ. ಐದಾರು ಮನೆಯವರು ಸೇರಿ ಒಬ್ಬ ರೈತನಿಂದ ನೇರವಾಗಿ ಕೊಂಡರೆ ನಡುವಿನ ಖರ್ಚು ಉಳಿಯುತ್ತದೆ, ಹೊಲವನ್ನೂ ಒಮ್ಮೆ ನೋಡಿಬರಬಹುದು. ತೊಗರಿಯ ರಾಶಿ ಆಗುವುದು ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ. ಆಗ ಮಾತಾಡಿ ಕಾಳನ್ನು ಹಸನು ಮಾಡಿಸಿ, ಬೇಸಿಗೆಯ ಬಿಸಿಲಿನಲ್ಲಿ ಒಣಗಿಸಿ ಹಂಚಿಕೊಂಡರೆ ಚಾತುರ್ಮಾಸದ ನಾಲ್ಕು ತಿಂಗಳ ಬೇಳೆಗೆ ಮಳೆಯಲ್ಲಿ ಅಂಗಡಿ ಹುಡುಕಬೇಕಾಗಿಲ್ಲ. ಹೆಸರು, ಅವರೆ, ಅಲಸಂದೆಯನ್ನು ಮಾತ್ರ ಹೀಗೆ ಕೂಡಿಡದೆ ಆಗಾಗ ತರುವುದೇ ಸರಿ.