ರಾಗಿ ಕಟಾವಿನ ನಡುವೆ ಮತಯಾಚನೆ

ಪಟ್ಟಣದಲ್ಲಿ ಓಟು ಕೇಳುವವರು ಸಂಜೆ ಹೊತ್ತು ಮನೆ ಮನೆಗೆ ಹೋದರೆ ಜನ ಸಿಗುತ್ತಾರೆ. ಹಳ್ಳಿಯಲ್ಲಿ, ಅದರಲ್ಲೂ ಸುಗ್ಗಿಯಲ್ಲಿ, ಹಾಗಲ್ಲ. ಬೆಳಗಾದರೆ ಬಾಗಿಲಿಗೆ ಬೀಗ, ಜನವೆಲ್ಲ ಹೊಲದಲ್ಲಿ. 2020ರ ಗ್ರಾಮ ಪಂಚಾಯಿತಿ ಚುನಾವಣೆ ಇಂಥ ಹೊತ್ತಿನಲ್ಲೇ ಬಂತು. ಡಿಸೆಂಬರ್ 22 ಮತ್ತು 27ರಂದು ಎರಡು ಹಂತಗಳಲ್ಲಿ ಮತದಾನ. ತುಮಕೂರು ಜಿಲ್ಲೆಯ ನಮ್ಮ ಕಡೆ ಆಗ ರಾಗಿ ಕಟಾವಿನ ಕೊನೆ, ಅವರೆಗೆ ಸೊಗಡು ಏರುವ ಕಾಲ.

ನಾನು ಸರ್ಕಾರಿ ನೌಕರ. ಯಾರ ಪರವಾಗಿಯೂ ಮತ ಕೇಳುವಂತಿಲ್ಲ, ಕೇಳುವವರ ಜೊತೆ ತಿರುಗುವಂತೆಯೂ ಇಲ್ಲ. ಆದರೆ ಬೆಳೆ ವಿಮೆಯ ಸಂಬಂಧ ಬೆಳೆ ಕಟಾವು ಪರೀಕ್ಷೆಗೆಂದು ಒಂದು ಹಳ್ಳಿಗೆ ಹೋದ ದಿನವೇ ಅಲ್ಲಿನ ರೈತ ಮಹಿಳೆಯೊಬ್ಬರು ಮತಯಾಚನೆಗೆ ಹೊರಟಿದ್ದರು. ನಮ್ಮ ಇಲಾಖೆಯ ತರಬೇತಿಗಳಿಗೆ ತಪ್ಪದೆ ಬರುತ್ತಿದ್ದವರು. ಇಂದಿಗೂ ಅಕ್ಕಡಿ ಸಾಲು ಬಿಡದೆ ರಾಗಿ ಬೆಳೆಯುವವರು. ಹೆಸರು ಬೇಡ, ನಾನು ಕರೆಯುವಂತೆ ‘ಅಕ್ಕ’ ಎಂದೇ ಇರಲಿ. ಇಲ್ಲಿ ನಾನು ಕಣ್ಣಾರೆ ಕಂಡದ್ದು ಕೊಂಚ, ಚುನಾವಣೆಯೆಲ್ಲ ಮುಗಿದ ಮೇಲೆ ಅಕ್ಕನೇ ಹೇಳಿದ್ದು ಹೆಚ್ಚು.

ಅಕ್ಕನ ದಿನ ಬೆಳಗಿನ ಆರು ಗಂಟೆಗೆ ಹಾಲಿನ ಡೈರಿಯ ಮುಂದೆ ಆರಂಭವಾಯಿತು. ತಾವೂ ಹಾಲು ಹಾಕುವ ಸಾಲಿನಲ್ಲಿ ನಿಂತು, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಹಿಂದೆ ಮುಂದೆ ನಿಂತವರಿಗೆ ಕರಪತ್ರ ಕೊಟ್ಟರಂತೆ. ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇರುವುದಿಲ್ಲ. ಅಕ್ಕನಿಗೆ ಸಿಕ್ಕಿದ್ದು ಹೊಲಿಗೆ ಯಂತ್ರ. “ನಿಂಗೆ ಹೊಲಿಯೋಕೆ ಬರ್ತದೇನವ್ವಾ?” ಎಂದು ಯಾರೋ ಕೇಳಿದರೆ, “ಗೋಣಿಚೀಲ ಹೊಲೀತೀನಿ ಕಣಣ್ಣ” ಎಂದರಂತೆ. ಅಲ್ಲಿ ನಕ್ಕವರಲ್ಲಿ ಎಷ್ಟು ಜನ ಓಟು ಹಾಕಿದರೋ ತಿಳಿಯದು.

ಒಂಬತ್ತು ಗಂಟೆಗೆ ನಾವಿದ್ದ ಹೊಲಕ್ಕೇ ಬಂದರು. ಬೆಳೆ ಕಟಾವು ಪರೀಕ್ಷೆ ಎಂದರೆ ರೈತ ಬಾಂಧವರಿಗೆ ಗೊತ್ತು: ಆಯ್ಕೆಯಾದ ಸರ್ವೆ ನಂಬರಿನಲ್ಲಿ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ತಾಕು ಗುರುತಿಸಿ, ಕೊಯ್ದು, ಬಡಿದು, ತೂರಿ, ತೂಗುವುದು. ಆ ದಿನ ತೂಗಿದ್ದು 4 ಕಿಲೋ 200 ಗ್ರಾಂ. ಎಕರೆಗೆ ಸುಮಾರು 680 ಕಿಲೋ ಲೆಕ್ಕ. ಪಂಚಾಯಿತಿಯಲ್ಲಿ ಇಂಥ ನಾಲ್ಕು ತಾಕುಗಳ ಸರಾಸರಿ ನಿಗದಿಯಾದ ಇಳುವರಿಗಿಂತ ಕಡಿಮೆ ಬಂದರೆ ವಿಮೆಯ ಹಣ. ಕೊಯ್ಯುತ್ತಿದ್ದ ಯುವಕನೊಬ್ಬ ಅಕ್ಕನನ್ನು ಕೇಳಿಯೇಬಿಟ್ಟ: “ಗೆದ್ರೆ ನಮ್ಮ ಪಂಚಾಯ್ತಿಗೆ ವಿಮೆ ಬರೋ ಹಂಗೆ ಮಾಡ್ತೀರಾ?” ಅಕ್ಕ ನನ್ನ ಮುಖ ನೋಡಿದರು. ನಾನು ತಕ್ಕಡಿ ನೋಡಿದೆ. “ತೂಕಕ್ಕೆ ನಾನೇನು ಮಾಡ್ಲಪ್ಪ, ಅದು ತೂಗಿದಷ್ಟೇ” ಎಂದರು. ಬೇರೊಬ್ಬ ಅಭ್ಯರ್ಥಿ ಹಿಂದಿನ ದಿನ ಅದೇ ಹುಡುಗನಿಗೆ “ಆಗಲಿ” ಎಂದು ಹೇಳಿ ಹೋಗಿದ್ದನೆಂದು ಆಮೇಲೆ ಗೊತ್ತಾಯಿತು.

ಓಟು ಕೇಳುವಾಗ ‘ಆಗಲಿ’ ಎಂಬುದು ಬಲು ಸುಲಭದ ಮಾತು. ಕೊಳವೆ ಬಾವಿ ಕೊರೆಸುತ್ತೇನೆ, ಮನೆ ಕೊಡಿಸುತ್ತೇನೆ ಎಂದು ಹೇಳಿ ಹೋಗುವವರೇ ಹೆಚ್ಚು. ವಾಸ್ತವದಲ್ಲಿ ಸದಸ್ಯನ ಕೈಯಲ್ಲಿ ಹಣದ ಗಂಟು ಇರುವುದಿಲ್ಲ, ಸಭೆಯಲ್ಲಿ ಒಂದು ಮತ ಇರುತ್ತದೆ, ಅಷ್ಟೆ. ಕೆಲಸದ ಪಟ್ಟಿ ವಾರ್ಡ್ ಸಭೆಯಲ್ಲಿ ಹುಟ್ಟಿ ಗ್ರಾಮಸಭೆಗೆ ಬರಬೇಕು. ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕೆಂದು ಕಾಯಿದೆಯಲ್ಲಿದೆ. ಆದರೆ ಆ ಸಭೆಗೆ ಎಷ್ಟು ರೈತರು ಹೋಗುತ್ತಾರೆ? ನಾನು ಇಲಾಖೆಯ ಪರವಾಗಿ ಕುಳಿತ ಎಷ್ಟೋ ಸಭೆಗಳಲ್ಲಿ ಜನಕ್ಕಿಂತ ಕುರ್ಚಿ ಹೆಚ್ಚು.

ಅಂದು ಅಕ್ಕನನ್ನು ಜನ ಕೇಳಿದ್ದೆಲ್ಲ ಹೊಲ, ದನ, ನೀರಿನದೇ. ಹೊಲಕ್ಕೆ ಗಾಡಿ ದಾರಿ, ದನಗಳಿಗೆ ಕುಡಿಯುವ ನೀರಿನ ತೊಟ್ಟಿ, ಉದ್ಯೋಗ ಖಾತರಿಯಲ್ಲಿ ಕೊಟ್ಟಿಗೆ. ಆ ವರ್ಷ ಖಾತರಿ ಕೂಲಿ ದಿನಕ್ಕೆ 275 ರೂಪಾಯಿ; ಕೊರೋನಾದಿಂದ ಬೆಂಗಳೂರು ಬಿಟ್ಟು ಬಂದ ಮಕ್ಕಳೂ ಆ ಕೂಲಿಗೆ ಹೋಗಿದ್ದರು, ಹಣ ತಡವಾಗಿದ್ದರ ದೂರು ಹಲವರದು. ಟಾರು ರಸ್ತೆಯ ಮೇಲೆ ಹುರುಳಿ ಹರಡಿದ್ದವರು ಮಾತ್ರ ಒಂದು ಒಕ್ಕಣೆ ಕಣ ಬೇಕೆಂದರು. ರಸ್ತೆಯಲ್ಲಿ ಒಕ್ಕಣೆ ಮಾಡುವುದು ಬೈಕಿನವರ ಪ್ರಾಣಕ್ಕೆ ಕುತ್ತೆಂದು ನಾನು ಎಷ್ಟು ಸಲ ಹೇಳಿದ್ದೇನೋ! ಕಣವಿಲ್ಲದವರು ಎಲ್ಲಿಗೆ ಹೋಗಬೇಕೆಂಬ ಅವರ ಮಾತಿಗೂ ನನ್ನಲ್ಲಿ ಉತ್ತರವಿರಲಿಲ್ಲ.

ಮಧ್ಯಾಹ್ನ ಅಕ್ಕ ಕೆರೆ ಏರಿಯ ಕೆಳಗಿನ ಹೊಲಕ್ಕೆ ಹೋದಾಗ ಮಾತು ಬಿಗಿಯಾಯಿತು. ಅದು ಸಣ್ಣ ಕೆರೆ. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಯವು. ಇಂಥ ಚಿಕ್ಕವು ಪಂಚಾಯಿತಿಗಳ ಪಾಲಿನವು. ಗುಡ್ಡದ ನೀರು ಈ ಕೆರೆಗೆ ಬರುವ ಕಾಲುವೆಯನ್ನು ವರ್ಷಕ್ಕೊಂದು ಸಾಲಿನಂತೆ ಉತ್ತು ಹೊಲಕ್ಕೆ ಸೇರಿಸಿಕೊಂಡವರು ಬೇರಾರೂ ಅಲ್ಲ, ಅಕ್ಕನ ಬಾವ, ಗಂಡನ ಅಣ್ಣ. ರಾಗಿ ಹೊರೆ ಕಟ್ಟುತ್ತಿದ್ದ ಮುದುಕರೊಬ್ಬರು ತಲೆಯೆತ್ತದೆ ಕೇಳಿದರು: “ಕಾಲುವೆ ಬಿಡಿಸ್ತೀಯೇನಮ್ಮ?”

ಬಾವನ ಮನೆಯಲ್ಲಿ ಒಂಬತ್ತು ಓಟು. ಅಕ್ಕನ ಜೊತೆ ಕರಪತ್ರ ಹಿಡಿದು ಬಂದಿದ್ದವನು ಆ ಬಾವನ ಮಗನೇ. ನೋಡೋಣ ತಾತ ಎಂದು ಹೇಳಿ ಮುಂದೆ ಹೋಗಬಹುದಿತ್ತು. ಹಾಗೆ ಹೇಳಬೇಕೆಂದೇ ಇದ್ದರಂತೆ. “ಆದ್ರೆ ನಮ್ಮ ಬೋರೂ ಬತ್ತಿದೆ ಸಾರ್, ಬಾಯಿಂದ ಬಂದ್ಬಿಡ್ತು” ಎಂದು ನನಗೆ ಹೇಳಿದರು. ಬಂದ ಮಾತು ಇಷ್ಟು: “ಗೆದ್ರೂ ಸೋತ್ರೂ ಅಳತೆಗೆ ಅರ್ಜಿ ನಾನೇ ಕೊಡ್ತೀನಿ ತಾತ.” ಹುಡುಗ ಕರಪತ್ರವನ್ನು ಹೊರೆಯ ಮೇಲಿಟ್ಟು ಮನೆಯ ದಾರಿ ಹಿಡಿದ. ಉಳಿದ ಕೇರಿಗಳಿಗೆ ದೀಪ ಹಚ್ಚುವ ಹೊತ್ತಿನ ತನಕ ಅಕ್ಕ ಒಬ್ಬರೇ ತಿರುಗಿದರು. ರಾತ್ರಿ ಮನೆಯಲ್ಲಿ ಯಜಮಾನರು ಊಟಕ್ಕೆ ಕುಳಿತರೂ ಮಾತಾಡಲಿಲ್ಲ.

ಡಿಸೆಂಬರ್ 30ರ ಎಣಿಕೆಯಲ್ಲಿ ಅಕ್ಕ ಏಳು ಮತಗಳಿಂದ ಸೋತರು.

ಫೆಬ್ರವರಿಯಲ್ಲಿ ಅರ್ಜಿ ಕೊಟ್ಟರು. ಹೊಸ ಪಂಚಾಯಿತಿಯ ಮೊದಲ ಗ್ರಾಮಸಭೆಯಲ್ಲಿ ಎದ್ದು ನಿಂತು ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿದರು. ಭೂಮಾಪಕರು ಬರಲಿಲ್ಲ. 2021ರ ನವೆಂಬರ್ ಮಳೆ ನಿಮಗೆಲ್ಲ ನೆನಪಿರಬಹುದು. ಕೊಯ್ಲಿಗೆ ಬಂದ ರಾಗಿ ನೆಲಕಚ್ಚಿ ತೆನೆಯಲ್ಲೇ ಮೊಳೆತ ವರ್ಷ. ಹಾನಿಯ ಸಮೀಕ್ಷೆಗೆ ಅದೇ ಹಳ್ಳಿಗೆ ಹೋದೆ. ಗುಡ್ಡದ ನೀರು ಹಳೆಯ ದಾರಿಯನ್ನೇ ಹಿಡಿದು ಬಾವನ ಹೊಲವನ್ನು ನಡುವೆ ಸೀಳಿಕೊಂಡು ಕೆರೆ ಸೇರಿತ್ತು. ಕೆರೆಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ಉಳಿದ ತೆನೆಗಳನ್ನು ಆ ಹೊಲದಲ್ಲಿ ಆರಿಸುತ್ತಿದ್ದ ಮೂರು ನಾಲ್ಕು ಹೆಂಗಸರಲ್ಲಿ ಅಕ್ಕನೂ ಇದ್ದರು. ಬಾವ ಬದುವಿನ ಮೇಲೆ ಕುಳಿತಿದ್ದರು. ಇಬ್ಬರಿಗೂ ಮಾತಿಲ್ಲ.

ಹಾನಿಯ ಕಾಗದಕ್ಕೆ ಬಾವನ ಸಹಿ ಹಾಕಿಸಿಕೊಳ್ಳುವಾಗ ಅಕ್ಕ ಹತ್ತಿರ ಬಂದು, ನೀರು ಕಾಲುವೆಯಲ್ಲಿ ಹರಿದಿದ್ದಕ್ಕೂ ಪರಿಹಾರ ಬರುತ್ತದೆಯೇ ಎಂದು ಮೆಲ್ಲಗೆ ಕೇಳಿದರು. ಪಹಣಿಯಲ್ಲಿರುವಷ್ಟು ಜಮೀನಿಗೆ ಮಾತ್ರ ಎಂದೆ. ಅಳತೆಯ ಅರ್ಜಿ ಆಗಲೂ ಕಚೇರಿಯಲ್ಲೇ ಇತ್ತು.