ಹೊಸದಾಗಿ ಬಂದ ಫೈಲು ಯಾವುದು?

ಹೊಯ್ಸಳ ಎರಡನೆಯ ನರಸಿಂಹನ ದಂಡನಾಥನಾದ ಪೊಲಾಳ್ವನು ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಕಟ್ಟಿಸಿದನೆಂಬ ಸಂಗತಿಯನ್ನು ಸಾರುವ ಹರಿಹರದ ಶಾಸನವು, ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೊಂದನೆಯ ಸಂಪುಟದಲ್ಲಿ ಅಚ್ಚಾದುದು 1903ರಲ್ಲಿ. ಶಿಲೆಯ ಕಾಲ ಒಂದು, ಪಟ್ಟಿಗೆ ಸೇರಿದ ಕಾಲ ಇನ್ನೊಂದು. ಇವೆರಡನ್ನು ಯಾವ ವಿದ್ವಾಂಸನೂ ಬೆರೆಸಲಾರನು. ಗಣಕಯಂತ್ರದ ಮುಂದೆ ಕುಳಿತ ನಾವಾದರೋ ನಿತ್ಯವೂ ಬೆರೆಸುತ್ತೇವೆ.

ಲಗ್ನಗಳ ಕಾಲದಲ್ಲಿ ದಾವಣಗೆರೆಯ ಯಾವುದಾದರೊಂದು ಡಿ.ಟಿ.ಪಿ. ಅಂಗಡಿಯಲ್ಲಿ ಅರ್ಧ ಗಂಟೆ ಕುಳಿತವರಿಗೆ ಇದು ಮನದಟ್ಟಾಗುವುದು. ಒಬ್ಬರ ಲಗ್ನಪತ್ರಿಕೆಯ ಒಕ್ಕಣೆ ವಾಟ್ಸಾಪಿನಲ್ಲಿಯೂ ಮತ್ತೊಬ್ಬರ ಫೋಟೊ ಇ-ಮೇಲಿನಲ್ಲಿಯೂ ಬಂದಿದ್ದರೆ, ಮೂರನೆಯವರು ಹರಿಹರದಿಂದ ಪೆನ್‌ಡ್ರೈವನ್ನೇ ಜೇಬಿನಲ್ಲಿಟ್ಟುಕೊಂಡು ಬಂದಿರುತ್ತಾರೆ. ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ 2’ ಎಂಬ ನಾಮಧೇಯಗಳನ್ನು ಹೊತ್ತು ಎಲ್ಲವೂ ಒಂದೇ ಫೋಲ್ಡರಿನಲ್ಲಿ ಬಂದು ಬೀಳುತ್ತವೆ. “ಅಣ್ಣಾ, ಈಗ ಪೆನ್‌ಡ್ರೈವಲ್ಲಿ ಕೊಟ್ನಲ್ಲ, ಅದನ್ನೇ ಹಾಕಿ” ಎಂದು ಗಿರಾಕಿಯು ಅವಸರಪಡಿಸಲು, ಅಂಗಡಿಯಾತನು ‘ಡೇಟ್ ಮಾಡಿಫೈಡ್’ ಎಂಬ ಕಾಲಮ್ಮನ್ನು ಒತ್ತುತ್ತಾನೆ. ಈಗ ತಾನೆ ಬಂದ ದೇವರ ಚಿತ್ರವು ಮೇಲಿನ ಸಾಲಿನಲ್ಲಿರದೆ, ಎರಡು ವರ್ಷದ ಹಿಂದಿನ ಫೈಲುಗಳ ನಡುವೆ ಎಲ್ಲಿಯೋ ಅಡಗಿರುತ್ತದೆ.

ದೋಷ ಯಂತ್ರದ್ದಲ್ಲ. ವಿಂಡೋಸಿನ ಎನ್‌ಟಿಎಫ್‌ಎಸ್ ಎಂಬ ವ್ಯವಸ್ಥೆಯು 1601ರ ಜನವರಿ 1ರಿಂದ ಮೊದಲುಮಾಡಿ, ಸೆಕೆಂಡಿನ ಕೋಟಿಯಲ್ಲೊಂದು ಭಾಗದ ಲೆಕ್ಕದಲ್ಲಿ ಕಾಲವನ್ನು ಬರೆದಿಡುವಷ್ಟು ಸೂಕ್ಷ್ಮವಾದುದು. (ಪೆನ್‌ಡ್ರೈವುಗಳಲ್ಲಿ ರೂಢಿಯಲ್ಲಿರುವ ಹಳೆಯ ಫ್ಯಾಟ್ 32 ಅಷ್ಟು ನಿಷ್ಠುರವಲ್ಲ, ಫೈಲು ತಿದ್ದಿದ ವೇಳೆಯನ್ನು ಎರಡೆರಡು ಸೆಕೆಂಡಿಗೊಮ್ಮೆ ಗುರುತಿಸಿ ಸುಮ್ಮನಾಗುತ್ತದೆ.) ಆದರೆ ಪ್ರತಿಮಾಡಿದಾಗ, ಒಳಗಿನ ವಿಷಯವನ್ನು ಕಡೆಯ ಸಲ ತಿದ್ದಿದ ದಿನಾಂಕವು ಹಾಗೆಯೇ ಉಳಿದು, ‘ಡೇಟ್ ಕ್ರಿಯೇಟೆಡ್’ ಎಂಬುದು ಮಾತ್ರ ಪ್ರತಿಮಾಡಿದ ಗಳಿಗೆಯನ್ನು ಸೂಚಿಸುವುದರಿಂದ, ಹುಟ್ಟುವುದಕ್ಕೆ ಮುಂಚೆಯೇ ತಿದ್ದುಪಾಟಾದ ಫೈಲೆಂಬ ವಿಚಿತ್ರವು ಕಾಣಿಸಿಕೊಳ್ಳುತ್ತದೆ. ಆಗಮನವನ್ನು ಅರಿಯಬೇಕಾದವರು ನೋಡತಕ್ಕದ್ದು ಈ ಎರಡನೆಯ ದಿನಾಂಕವನ್ನೇ. ‘ಡೀಟೇಲ್ಸ್’ ನೋಟದಲ್ಲಿ ಕಾಲಮ್ಮುಗಳ ತಲೆಬರಹದ ಮೇಲೆ ಮೌಸಿನ ಬಲಗುಂಡಿಯನ್ನೊತ್ತಿದರೆ ಅದನ್ನು ಸೇರಿಸಿಕೊಳ್ಳಬಹುದು. ಮ್ಯಾಕ್ ಗಣಕಗಳಲ್ಲಿ ‘ಡೇಟ್ ಆ್ಯಡೆಡ್’ ಎಂಬ ಪ್ರತ್ಯೇಕ ಕಾಲಮ್ಮೇ ಉಂಟು, ವಿವೇಕದ ಏರ್ಪಾಟು.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಪ್ರತಿಮಾಡದೆ, ಒಂದೇ ಡ್ರೈವಿನೊಳಗೆ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಸ್ಥಳಾಂತರಿಸಿದ ಫೈಲಿನ ಎರಡು ದಿನಾಂಕಗಳೂ ಬದಲಾಗವು. ಆದಕಾರಣ, ನಮ್ಮ ಕಚೇರಿಗಳ ಆವಕ ವಹಿಯ ಮಾದರಿಯಲ್ಲಿ ‘ಆವಕ’ವೆಂಬ ಒಂದು ಫೋಲ್ಡರನ್ನಿಟ್ಟು, ಹೊರಗಿನಿಂದ ಬಂದುದೆಲ್ಲವೂ ಮೊದಲು ಅಲ್ಲಿಯೇ ಇಳಿಯುವಂತೆ ಮಾಡಿ, ಹೆಸರಿನ ಮೊದಲಿಗೆ 2025-02-09 ಎಂಬಂತೆ ವರ್ಷ, ತಿಂಗಳು, ದಿನಗಳನ್ನು ಕ್ರಮವಾಗಿ ಬರೆಯುವುದು ಲೇಸು. ದಿನವನ್ನು ಮೊದಲು ಬರೆಯುವ ನಮ್ಮ ರೂಢಿಯನ್ನು ಇಲ್ಲಿ ಬಿಡಲೇಬೇಕು. ಇಲ್ಲವಾದರೆ ಎಲ್ಲ ತಿಂಗಳುಗಳ ಒಂದನೆಯ ತಾರೀಖಿನ ಫೈಲುಗಳೂ ಒಂದೇ ಕಡೆ ಗುಂಪುಗೂಡುವುವು. ಕೆಲಸ ಮುಗಿದ ಫೈಲನ್ನು ಗಿರಾಕಿಯ ಫೋಲ್ಡರಿಗೆ ಕಳುಹಿಸಿದರೆ, ಸಂಜೆ ಅಂಗಡಿ ಮುಚ್ಚುವಾಗ ‘ಆವಕ’ದಲ್ಲಿ ಉಳಿದಿರುವುದಷ್ಟೇ ನಾಳೆಯ ಕೆಲಸ.