ಏರಲಾಗದವರು ಎಲ್ಲಿಂದ ದಾಟಬೇಕು?

ತರೀಕೆರೆಯವನು ಎಂದು ಹೇಳಿದರೆ ಸಾಕು, ಹಾಸ್ಟೆಲಿನಲ್ಲಿ ಯಾರಾದರೊಬ್ಬರು ಏರಿ ಮೇಲಿನ ಕುರಿಮರಿಗಳ ಮಾತು ಶುರು ಮಾಡುತ್ತಾರೆ. ವೇಗವಾಗಿ ಹೇಳಲು ಹೋಗಿ ನಾಲಿಗೆ ತೊಡರುತ್ತದೆ, ಎಲ್ಲರೂ ನಗುತ್ತೇವೆ. ಆದರೆ ಕಳೆದ ಮಳೆಗಾಲದಲ್ಲಿ ಅಜ್ಜಿಯ ಜೊತೆ ರೈಲಿನಲ್ಲಿ ಹೋಗಿಬಂದ ಮೇಲೆ ‘ಏರಿ’ ಎಂದರೆ ನನಗೆ ನೆನಪಾಗುವುದು ಕೆರೆಯಲ್ಲ, ಮೆಟ್ಟಿಲು.

ಅಜ್ಜಿಗೆ ಎಪ್ಪತ್ತು ದಾಟಿದೆ, ಎರಡೂ ಮಂಡಿ ನೋವು. ವರ್ಷಕ್ಕೆ ಒಂದೆರಡು ಸಲ ತಂಗಿಯ ಮನೆಗೆ ಹೋಗಿಬರುವುದೇ ಆಕೆಯ ಪ್ರವಾಸ. ನಾವು ಇಳಿಯುವ ಸಣ್ಣ ನಿಲ್ದಾಣದಲ್ಲಿ (ಹೆಸರು ಬೇಡ) ಪ್ಲಾಟ್‌ಫಾರ್ಮಿನ ತುದಿಯಲ್ಲಿ ಸಾಮಾನಿನ ಗಾಡಿ ದಾಟಿಸಲು ಹಳಿಯ ಮಟ್ಟದಲ್ಲೇ ಒಂದು ದಾರಿಯಿತ್ತು. ವಯಸ್ಸಾದವರು, ಮಗು ಎತ್ತಿಕೊಂಡವರು, ಗಾಲಿಕುರ್ಚಿಯವರು ಅಲ್ಲಿಂದಲೇ ದಾಟುತ್ತಿದ್ದರು. ಈ ಸಲ ಹೋದಾಗ ಆ ದಾರಿಗೆ ಕಬ್ಬಿಣದ ಬೇಲಿ ಬಿದ್ದಿತ್ತು. ಪಕ್ಕದಲ್ಲೇ ಹೊಸ ಮೇಲ್ಸೇತುವೆ. ಅದಕ್ಕೆ ಇದ್ದದ್ದು ಮೆಟ್ಟಿಲು ಮಾತ್ರ.

ಕಂಬಿ ಹಿಡಿದು ಅಜ್ಜಿ ಒಂಬತ್ತು ಮೆಟ್ಟಿಲು ಹತ್ತಿದಳು. ಅಲ್ಲಿಗೆ ಕುಳಿತುಬಿಟ್ಟಳು.

‘ಮಗಾ, ನಂಗಿದು ಆಗಲ್ಲ. ನೀನು ಮೇಲಿಂದ ಬಾ, ನಾನು ಕೆಳಗೇ ದಾಟ್ಕೊಂಡು ಬರ್ತೀನಿ.’

ಬೇಲಿ ಮುಗಿಯುವ ಜಾಗಕ್ಕೆ ನಡೆದೆವು. ಅಲ್ಲಿ ಪೊದೆಯ ನಡುವೆ ಆಗಲೇ ಕಾಲುಹಾದಿ ಸವೆದಿತ್ತು, ಅಂದರೆ ನಾವು ಮೊದಲಿಗರಲ್ಲ. ಎರಡೂ ಕಡೆ ನೋಡಿ, ಜಾರುವ ಜಲ್ಲಿಯ ಮೇಲೆ ಅಜ್ಜಿಯ ಕೈ ಬಿಗಿಯಾಗಿ ಹಿಡಿದು ದಾಟಿಸಿದೆ. ಹಿಂದಿನ ದಾರಿಗಿಂತ ಇದು ಹೆಚ್ಚು ಅಪಾಯದ ಜಾಗ. ಅನುಮತಿಯಿಲ್ಲದೆ ಹಳಿ ದಾಟಿದರೆ 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದು ರಾತ್ರಿ ಓದಿದೆ. ಅಜ್ಜಿಗೂ ಹೇಳಿದೆ. ‘ಹಂಗಾರೆ ಬರೀ ಮೆಟ್ಲು ಕಟ್ಟಿದವ್ರಿಗೆ ಯಾವ ಸೆಕ್ಷನ್ನು?’ ಎಂದು ಕೇಳಿದಳು. ನನ್ನಲ್ಲಿ ಉತ್ತರ ಇರಲಿಲ್ಲ.

ಹಳಿ ದಾಟುವ ದಾರಿಗಳನ್ನು ಮುಚ್ಚುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ರೈಲ್ವೆ ಸುರಕ್ಷತೆ ಕುರಿತು ವಿಜ್ಞಾನಿ ಅನಿಲ್ ಕಾಕೋಡ್ಕರ್ ನೇತೃತ್ವದ ಸಮಿತಿ 2012ರಲ್ಲಿ ಕೊಟ್ಟ ವರದಿಯ ಪ್ರಕಾರ, ಹೀಗೆ ಹಳಿ ಮೇಲೆ ಓಡಾಡಿ ದೇಶದಲ್ಲಿ ವರ್ಷಕ್ಕೆ ಸುಮಾರು 15 ಸಾವಿರ ಜನ ಸಾಯುತ್ತಿದ್ದರು. ಮುಂಬೈ ಉಪನಗರ ಮಾರ್ಗದಲ್ಲೇ ಸುಮಾರು 6 ಸಾವಿರ ಜನ. ವೇಗವಾಗಿ ಬರುವ ರೈಲಿಗೆ ಬ್ರೇಕ್ ಹಾಕಿದರೂ ಅದು ನಿಲ್ಲುವುದು ನೂರಾರು ಮೀಟರ್ ಮುಂದೆ. ಬ್ರಾಡ್‌ಗೇಜ್ ಮಾರ್ಗಗಳಲ್ಲಿದ್ದ ಕಾವಲುರಹಿತ ಲೆವೆಲ್ ಕ್ರಾಸಿಂಗ್‌ಗಳನ್ನು 2019ರ ಜನವರಿ ಹೊತ್ತಿಗೆ ತೆಗೆದುಹಾಕಿದ್ದು ಒಳ್ಳೆಯ ಕೆಲಸವೇ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹಳಿ ದಾಟುವ ನಮ್ಮ ವಯಸ್ಸಿನವರಿಗೆ ಮೇಲ್ಸೇತುವೆ ಹತ್ತಲು ಸೋಮಾರಿತನ ಬಿಟ್ಟರೆ ಬೇರೆ ಅಡ್ಡಿಯಿಲ್ಲ. ಆದರೆ ಹತ್ತಲು ಮನಸ್ಸಿಲ್ಲದವರನ್ನೂ ಹತ್ತಲು ಆಗದವರನ್ನೂ ಬೇಲಿ ಒಂದೇ ಎಂದು ನೋಡುತ್ತದೆ. ಸಮಸ್ಯೆ ಇರುವುದು ಅಲ್ಲಿ.

ನಾನು ಸಿವಿಲ್ ಡಿಪ್ಲೊಮಾ ವಿದ್ಯಾರ್ಥಿ. ಕುತೂಹಲಕ್ಕೆ ಲೆಕ್ಕ ಹಾಕಿದೆ. ವಿದ್ಯುತ್ ತಂತಿ ಹಾಯ್ದ ಹಳಿಯ ಮೇಲಿನ ಸೇತುವೆ ಆರು ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳೋಣ. ಒಂದು ಮೆಟ್ಟಿಲಿಗೆ 15 ಸೆಂ.ಮೀ. ಹಿಡಿದರೆ ಹತ್ತಲು 40, ಇಳಿಯಲು 40 ಮೆಟ್ಟಿಲು. ಗಾಲಿಕುರ್ಚಿ ಹೋಗುವ ಇಳಿಜಾರು ದಾರಿಗೆ ಒಪ್ಪಿತ ಅಳತೆ 1:12, ಅಂದರೆ ಹನ್ನೆರಡು ಅಡಿ ಮುಂದೆ ಹೋದರೆ ಒಂದು ಅಡಿ ಏರು. ಆ ಲೆಕ್ಕದಲ್ಲಿ ಒಂದು ಬದಿಗೆ 72 ಮೀಟರ್, ಎರಡೂ ಬದಿ ಸೇರಿ 144 ಮೀಟರ್. ನಡುನಡುವೆ ನಿಂತು ಸುಧಾರಿಸಿಕೊಳ್ಳಲು ಬೇಕಾದ ಸಮತಟ್ಟು ಜಾಗ ಬೇರೆ. ಲಿಫ್ಟ್ ಹಾಕಿದರೆ ಜಾಗ ಉಳಿಯುತ್ತದೆ, ಆದರೆ ಕರೆಂಟು ಬೇಕು, ಕೆಟ್ಟರೆ ಕೂಡಲೇ ರಿಪೇರಿ ಮಾಡುವವರು ಬೇಕು. ಕೆಳಸೇತುವೆಯಾದರೆ ಮನುಷ್ಯನ ಎತ್ತರಕ್ಕೆ ತಕ್ಕಷ್ಟೇ ಇಳಿದರೆ ಸಾಕು, ಇಳಿಜಾರಿನ ಉದ್ದ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆದರೆ ನಮ್ಮ ಅರೆಮಲೆನಾಡಿನ ಮಳೆಗೆ ನೀರು ಹೊರಹೋಗುವ ವ್ಯವಸ್ಥೆ ಇಲ್ಲದಿದ್ದರೆ ಅದು ಕೆರೆಯಾಗುತ್ತದೆ. ಮೂರರಲ್ಲಿ ಯಾವುದನ್ನು ಆರಿಸಿದರೂ ಖರ್ಚಿದೆ. ಮೆಟ್ಟಿಲು ಅಗ್ಗ ಎಂದು ಕಾಣುವುದು, ಉಳಿದ ಖರ್ಚನ್ನು ಅಜ್ಜಿಯಂಥವರು ಹೊರುವುದರಿಂದ.

ನನ್ನ ಗೆಳೆಯನೊಬ್ಬನಿಗೆ ಹುಟ್ಟಿನಿಂದಲೇ ಒಂದು ಕಾಲಿನಲ್ಲಿ ಶಕ್ತಿಯಿಲ್ಲ, ಊರುಗೋಲು ಹಿಡಿದು ನಡೆಯುತ್ತಾನೆ. ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದಾನೆ. ಪರೀಕ್ಷಾ ಕೇಂದ್ರ ದೂರದ ಊರಿಗೆ ಬಿದ್ದರೆ ನಾವೆಲ್ಲ ಟಿಕೆಟ್ ಇದೆಯೇ ಎಂದು ನೋಡುತ್ತೇವೆ. ಅವನು ಮೊದಲು ಕೇಳುವುದು, ‘ಅಲ್ಲಿ ಮೆಟ್ಟಿಲು ಎಷ್ಟಿದಾವೆ?’ ಅಂಗವಿಕಲರ ಹಕ್ಕುಗಳ ಕಾಯ್ದೆ–2016 ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ 4ರಷ್ಟು ಮೀಸಲಾತಿ ಕೊಟ್ಟಿದೆ. ಅದೇ ಕಾಯ್ದೆಯ 41ನೇ ಸೆಕ್ಷನ್ ರೈಲು ನಿಲ್ದಾಣ, ಬಸ್ ನಿಲ್ದಾಣಗಳು ಅವರಿಗೆ ಬಳಸಲು ಯೋಗ್ಯವಾಗಿರಬೇಕು ಎನ್ನುತ್ತದೆ. ಮೊದಲನೆಯದು ಕೈಗೆ ಸಿಗಬೇಕಾದರೆ ಎರಡನೆಯದು ಬೇಕೇ ಬೇಕು. ಪರೀಕ್ಷೆ ಬರೆಯುವ ಕೊಠಡಿಗೇ ತಲುಪಲಾಗದವನಿಗೆ ಮೀಸಲಿಟ್ಟ ಹುದ್ದೆ ಹೇಗೆ ಸಿಗಬೇಕು?

ಈ ಮಾತನ್ನು ಸುಪ್ರೀಂ ಕೋರ್ಟ್ ಕೂಡ ಗಂಭೀರವಾಗಿ ತೆಗೆದುಕೊಂಡಿದೆ. ದೃಷ್ಟಿದೋಷವುಳ್ಳ ರಾಜೀವ್ ರತುರಿ ಅವರು ಹೂಡಿದ್ದ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಬಂದ ತೀರ್ಪು, ಇಂಥ ಸೌಲಭ್ಯಗಳ ಮಾನದಂಡ ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಹೇಳಿತು. ಅಂಥ ನಿಯಮ ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು.

ಹಕ್ಕು ಸುಮ್ಮನೆ ಬಂದದ್ದು ಎಲ್ಲೂ ಇಲ್ಲ. ಅಮೆರಿಕದಲ್ಲಿ 1990ರ ಮಾರ್ಚ್ 12ರಂದು ಅಂಗವಿಕಲರು ಗಾಲಿಕುರ್ಚಿ, ಊರುಗೋಲುಗಳನ್ನು ಕೆಳಗೇ ಬಿಟ್ಟು ಸಂಸತ್ ಭವನದ ಮೆಟ್ಟಿಲುಗಳನ್ನು ತೆವಳಿಕೊಂಡು ಹತ್ತಿದರು. ಅವರಲ್ಲಿ ಎಂಟು ವರ್ಷದ ಹುಡುಗಿಯೂ ಇದ್ದಳು. ಅದೇ ಜುಲೈನಲ್ಲಿ ಅಲ್ಲಿನ ಅಂಗವಿಕಲರ ಕಾಯ್ದೆಗೆ ಅಧ್ಯಕ್ಷರ ಸಹಿ ಬಿತ್ತು. ನಮ್ಮಲ್ಲಿ ಕಾಯ್ದೆ ಇದೆ. ಹಾಗಿದ್ದೂ ಅಜ್ಜಿ ಒಂಬತ್ತನೇ ಮೆಟ್ಟಿಲಲ್ಲಿ ಕೂರಬೇಕಾಯಿತು.

ಏನು ಮಾಡಬಹುದು? ‘ಅಮೃತ ಭಾರತ’ ಯೋಜನೆಯಲ್ಲಿ ನಮ್ಮ ಮಾರ್ಗದ ಶಿವಮೊಗ್ಗ ಟೌನ್, ಸಾಗರ ಜಂಬಗಾರು, ತಾಳಗುಪ್ಪ ನಿಲ್ದಾಣಗಳಿವೆ. ದೊಡ್ಡ ನಿಲ್ದಾಣಗಳ ಮೇಲೆ ಎಲ್ಲರ ಕಣ್ಣೂ ಇರುತ್ತದೆ. ಸಣ್ಣ ನಿಲ್ದಾಣ, ಹಳ್ಳಿಯ ಪಕ್ಕದ ಕಾಲುದಾರಿಗಳನ್ನು ಕೇಳುವವರು ಕಡಿಮೆ. ಅಲ್ಲಿ ನಮ್ಮ ಬೇಡಿಕೆ ಒಂದೇ ಇದ್ದರೆ ಸಾಕು: ಎಲ್ಲರೂ ಹೋಗಬಹುದಾದ ದಾರಿ ಮೊದಲು ತೆರೆಯಲಿ, ಹಳೆಯ ದಾರಿ ಆಮೇಲೆ ಮುಚ್ಚಲಿ. ಲಿಫ್ಟ್ ಬರುವುದು ಎರಡು ವರ್ಷ ತಡವಾದರೆ ಅಲ್ಲಿಯವರೆಗೆ ಸಿಬ್ಬಂದಿಯ ಕಾವಲಿನಲ್ಲಿ ಕೆಳಗಿಂದ ದಾಟಿಸುವ ವ್ಯವಸ್ಥೆ ಇರಲಿ.

ಇದನ್ನು ಕೇಳಬೇಕಾದದ್ದು ನಕ್ಷೆ ಸಿದ್ಧವಾಗುವ ಹೊತ್ತಿನಲ್ಲಿ. ಕಾಂಕ್ರೀಟ್ ಬಿದ್ದ ಮೇಲೆ ಉತ್ತರ ‘ನೋಡೋಣ’ ಎಂದಷ್ಟೇ ಸಿಗುತ್ತದೆ. ನಿಮ್ಮೂರಿನ ಕ್ರಾಸಿಂಗ್ ಮುಚ್ಚುವ ಸುದ್ದಿ ಬಂದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ಸೇತುವೆಗೆ ಇಳಿಜಾರು ದಾರಿ ಅಥವಾ ಲಿಫ್ಟ್ ಇದೆಯೇ ಎಂದು ಕೇಳಿ. ತರೀಕೆರೆ ಮಾರ್ಗ ನೈರುತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರುತ್ತದೆ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕಂಡರೆ ಊರಿನಲ್ಲಿ ಯಾರಿಗೆ ತೊಂದರೆಯಾಗುತ್ತದೆ ಎಂಬ ಪಟ್ಟಿ ಸಿದ್ಧ ಮಾಡಲು ನೆರವಾಗುತ್ತಾರೆ. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ ಪಟ್ಟಿಯ ಜೊತೆ ಕಳಿಸಿ. ನನ್ನಂತೆ ಸಿವಿಲ್ ಓದುತ್ತಿರುವವರು ಇನ್ನೊಂದು ಕೆಲಸ ಮಾಡಬಹುದು. ನಾಳೆ ಈ ನಕ್ಷೆ ಬರೆಯುವವರು ನಾವೇ. ಬರೆಯುವಾಗ ಒಂಬತ್ತನೇ ಮೆಟ್ಟಿಲಲ್ಲಿ ಒಬ್ಬ ಅಜ್ಜಿ ಕುಳಿತಿದ್ದಾಳೆ ಎಂದು ನೆನಪಿಟ್ಟುಕೊಳ್ಳೋಣ.

ಅಂದಿನಿಂದ ನಮ್ಮಜ್ಜಿ ರೈಲು ಹತ್ತಿಲ್ಲ. ‘ಬ್ಯಾಡ ಬಿಡು, ಅವಳೇ ಬರ್ಲಿ’ ಎನ್ನುತ್ತಾಳೆ. ತಂಗಿಗೂ ಮಂಡಿ ನೋವು, ಆಕೆಯೂ ಬಂದಿಲ್ಲ. ಈಗ ಇಬ್ಬರದೂ ಫೋನಿನಲ್ಲೇ ಮಾತು. ಆ ನಿಲ್ದಾಣದಲ್ಲಿ ಈ ವರ್ಷ ಹಳಿ ದಾಟಿದವರ ಸಂಖ್ಯೆ ಕಡಿಮೆಯಾಗಿದೆ ಎಂದು ಯಾರಾದರೂ ಲೆಕ್ಕ ಕೊಟ್ಟರೆ, ಅದರಲ್ಲಿ ನಮ್ಮಜ್ಜಿಯೂ ಸೇರಿರುತ್ತಾಳೆ. ಆಕೆ ಸುರಕ್ಷಿತವಾಗಿ ದಾಟಿದ್ದಕ್ಕಲ್ಲ, ದಾಟುವುದನ್ನೇ ಬಿಟ್ಟಿದ್ದಕ್ಕೆ.